ಸುಟ್ಟು ನೋಡದ ನೂಲು

ಡಿಸೆಂಬರ್ 12, ಗುರುವಾರ

ನಾಲ್ಕನೇ ಮೆಷಿನ್‌ನಲ್ಲಿ ಮತ್ತೆ ಸೂಜಿ ಮುರಿಯಿತು. ಬಟ್ಟೆಯ ಉದ್ದಕ್ಕೂ ಗೆರೆ. ಬಿಚ್ಚಿ, ಬದಲಿಸಿ, ಓಡಿಸುವಷ್ಟರಲ್ಲಿ ಊಟದ ಹೊತ್ತು ಮೀರಿತು. ತಿರುಪ್ಪೂರಿಗೆ ಬಂದು ಬನಿಯನ್ ಮೆಷಿನ್ ರಿಪೇರಿಗೆ ನಿಂತ ಮೇಲೆ ನನ್ನ ಹೊಟ್ಟೆ ಗಡಿಯಾರ ನೋಡುವುದನ್ನೇ ಬಿಟ್ಟಿದೆ.

ಅನ್ನೂರಿನಿಂದ ನಿತ್ಯಾ ಫೋನು. ಅಕ್ಕನ ಮಗಳು, ನಾಲ್ಕನೇ ಕ್ಲಾಸು. ಜನವರಿ ಕೊನೆಗೆ ಸ್ಕೂಲಿನವರು ವಾಲ್ಪಾರೈಗೆ ಕ್ಯಾಂಪ್ ಕರೆದೊಯ್ಯುತ್ತಾರಂತೆ. ಟೆಂಟು, ಬೆಟ್ಟ ಹತ್ತುವುದು, ಎಲ್ಲ. ಅಕ್ಕ ಬೇಡ ಅಂದಿದ್ದಾಳೆ. ಚಳಿ ತಾಗಿದರೆ ಇವಳಿಗೆ ವೀಸಿಂಗ್. ಕೂಸಾಗಿದ್ದಾಗಿನಿಂದ.

"ಮಾಮಾ, ಅಮ್ಮನ್ ಹತ್ರ ನೀ ಹೇಳು. ನೀ ಹೇಳಿದ್ರೆ ಕೇಳ್ತಾರೆ."

ಎಲ್ಲಿ ಕೇಳುತ್ತಾಳೆ? "ಅವಳಿಗೆ ಉಸಿರು ಸಿಗದೆ ಮೂಚ್ಚು ಎಳೆಯುವಾಗ ಒಂದು ದಿವಸ ಪಕ್ಕದಲ್ಲಿ ಕೂತಿದ್ಯಾ ಹರಿ?" ಅಂದಳು ಗೋಕಿಲಕ್ಕ. ಕೂತಿಲ್ಲ. ಆದರೂ ಹಟ ಬಿಡಲಿಲ್ಲ. ಊರಾಚೆಯ ಪೆರುಮಾಳ್ ಕರಡು ಇದೆಯಲ್ಲ, ಆ ಕಲ್ಲುಗುಡ್ಡಕ್ಕೆ ನಾನು ಹತ್ತಿಸಿ ಇಳಿಸುತ್ತೇನೆ. ಚೆನ್ನಾಗಿ ಹತ್ತಿದರೆ ಕ್ಯಾಂಪಿಗೆ ಕಳಿಸು ಅಂದೆ. ಡಾಕ್ಟರೂ ನಡೆಯಲಿ ಅಂದಿದ್ದಾರೆ. ಕೊನೆಗೆ ಹ್ಞೂಂ ಅಂದಳು. ಆ ಹ್ಞೂಂನಲ್ಲಿ ಹ್ಞೂಂ ಇರಲಿಲ್ಲ.

ಡಿಸೆಂಬರ್ 15, ಭಾನುವಾರ

ಒಲೆ ರೆಡಿ. ದೊಡ್ಡ ಹಾಲಿನಪುಡಿ ಡಬ್ಬ, ಅದರೊಳಗೆ ಸಣ್ಣದು. ಕೆಳಗೂ ಮೇಲೂ ತೂತು. ಗಾಳಿ ಆಡಿದರೆ ಹೊಗೆಯೂ ಉರಿದುಹೋಗುತ್ತದೆ. ವಿಡಿಯೋ ಕಳಿಸಿದವಳು ನಿತ್ಯಾ. ಬೆಟ್ಟದ ಮೇಲೆ ಸ್ವಂತ ಒಲೆಯಲ್ಲಿ ನೀರು ಕಾಯಿಸಬೇಕು, ಅದೇ ಅವಳ ಆಸೆ.

ಉರಿಸಲು ಮೆಷಿನ್ ಕೆಳಗೆ ಬೀಳುವ ಹತ್ತಿ ವೇಸ್ಟು. ಉಂಡೆ ಕಟ್ಟಿ, ನೂಲಿಗೆ ಹಚ್ಚುವ ಮೇಣದಲ್ಲಿ ಅದ್ದಿದೆ. ಮಹಡಿಯ ಮೇಲೆ ಹಚ್ಚಿ ನೋಡಿದೆ. ಅಪ್ಪಟ ಹತ್ತಿ. ಕಾಗದ ಸುಟ್ಟ ವಾಸನೆ, ಬೂದಿ ಬಿಳಿ, ಹೊಗೆ ಇಲ್ಲವೇ ಇಲ್ಲ ಅನ್ನಬಹುದು. ನನಗೇ ನಾನು ಶಭಾಷ್ ಅಂದುಕೊಂಡೆ.

ರೂಮಿನವರು ಏನು ಬರೆಯುತ್ತೀಯ ಎಂದು ಇಣುಕುತ್ತಾರೆ. ಅಜ್ಜಿ ಕಲಿಸಿದ ಕನ್ನಡ ಅಕ್ಷರ. ತಮಿಳು ಓದುವ ಇವರಿಗೆ ಕೋಳಿ ಕೆದಕಿದಂತೆ ಕಾಣುತ್ತದಂತೆ. ಕಾಣಲಿ.

ಡಿಸೆಂಬರ್ 20, ಶುಕ್ರವಾರ

ಮೈಮೇಲೆ ಕೆಲಸ. ಅರ್ಜೆಂಟ್ ಆರ್ಡರು, ಮೆಷಿನ್ ಮೇಲೆ ಮೆಷಿನ್. ಮಾಡಿಟ್ಟ ಉಂಡೆಯೆಲ್ಲ ಪರೀಕ್ಷೆಯಲ್ಲೇ ಮುಗಿಸಿದ್ದೆ. ಹೊರಡುವಾಗ ನೆಲದಿಂದ ವೇಸ್ಟು ಬಾಚಿ ಚೀಲಕ್ಕೆ ತುಂಬಿದೆ, ಉಂಡೆ ಊರಲ್ಲಿ ಕಟ್ಟಿದರಾಯಿತು. ಫಿಟ್ಟರ್ ದೇವರಾಜನ್ ಕೇಳಿದ, ಯಾವ ನೂಲು, ಸುಟ್ಟು ನೋಡಿದೆಯಾ ಎಂದು. ಬೆರಳಲ್ಲಿ ಉಜ್ಜಿ ತೋರಿಸಿದೆ. ಇಷ್ಟು ವರ್ಷದ ಕೈ, ಹತ್ತಿ ಗೊತ್ತಾಗುವುದಿಲ್ಲವೇ?

ಎರಡು ಖಾಲಿ ಕೋನೂ ಹಾಕಿಕೊಂಡೆ. ನೂಲು ಸುತ್ತಿ ಬರುವ ರಟ್ಟಿನ ಕೋನು. ಹರಿದು ಹಾಕಿದರೆ ಉರಿ ಬೇಗ ಹತ್ತುತ್ತದೆ.

ಡಿಸೆಂಬರ್ 21, ಶನಿವಾರ, ಅನ್ನೂರು

ಅಕ್ಕ ಬ್ಯಾಗು ಮೊದಲೇ ಜೋಡಿಸಿಟ್ಟಿದ್ದಳು. ಸ್ವೆಟರು, ಮಫ್ಲರು, ಫ್ಲಾಸ್ಕು, ವೀಸಿಂಗ್ ಔಷಧದ ಪಂಪು, ಅದರ ಡಬ್ಬಿ. ಪಂಪನ್ನು ಆ ಡಬ್ಬಿಯ ಒಂದು ತುದಿಗೆ ಸಿಕ್ಕಿಸಿ ಇನ್ನೊಂದು ತುದಿಯಲ್ಲಿ ಮೂತಿ ಇಟ್ಟು ಉಸಿರೆಳೆಯಬೇಕು.

"ತಣ್ಣೀರು ಬ್ಯಾಡ. ಹೊಗೆ ಹತ್ರ ಬಿಡ್ಬ್ಯಾಡ. ಮೂಚ್ಚು ಇರುಕಿ ಕಟ್ಟಿದ್ರೆ ಅಲ್ಲೇ ನಿಂತ್ಕೋ, ಧೈರ್ಯ ತೋರಿಸ್ಬ್ಯಾಡ," ಅಂದಳು.

"ಪಂಪು ನಾನೇ ಅಮ್ಮಾ ಹಿಡ್ಕೊಳ್ಳೋದು," ಅಂದಳು ನಿತ್ಯಾ. ನನ್ನ ಕಂಪನಿ ಐಡಿ ಟ್ಯಾಗಿಗೆ ಪಂಪು ಕಟ್ಟಿ ಕೊರಳಿಗೆ ಹಾಕಿಕೊಟ್ಟೆ. ಕುಣಿದಾಡಿದಳು. ಬಾವ ನವನೀತನ್ ಟಿವಿಯಿಂದ ಕತ್ತೆತ್ತಿ ನಕ್ಕರು.

ಒಲೆ ಬ್ಯಾಗಿಗೆ ಹಿಡಿಸಲಿಲ್ಲ. ಫ್ಲಾಸ್ಕ್ ತೆಗೆದೆ — ಒಲೆ ಇರುವಾಗ ಫ್ಲಾಸ್ಕ್ ಯಾಕೆ? ಇನ್ನೂ ಹಿಡಿಸಲಿಲ್ಲ. ಡಬ್ಬಿಯನ್ನೂ ತೆಗೆದು ಶೆಲ್ಫ್ ಮೇಲಿಟ್ಟೆ. ಔಷಧ ಇರುವುದು ಪಂಪಿನಲ್ಲಿ ತಾನೇ. ಅಕ್ಕ ಅಡುಗೆಮನೆಯಲ್ಲಿದ್ದಳು.

ಡಿಸೆಂಬರ್ 22, ಭಾನುವಾರ, ಬೆಳಿಗ್ಗೆ

ಮೇಲೆ ಬಂದೆವು! ಮಾರ್ಗಳಿ ಮಂಜು, ಕೆಳಗೆ ಊರೇ ಕಾಣುತ್ತಿಲ್ಲ. ನಿಂತು ನಿಂತು ಹತ್ತಿದಳು. ಒಮ್ಮೆಯೂ ಎದೆ ಹಿಡಿಯಲಿಲ್ಲ. ನನಗೇ ಏದುಸಿರು, "ಮಾಮಾ, ನಿನ್ಗೆ ಪಂಪು ಬೇಕಾ?" ಅಂತಾಳೆ ಕಳ್ಳಿ.

ಫೋನಿಗೆ ಸಿಗ್ನಲ್ ಇಲ್ಲ. ಒಳ್ಳೆಯದೇ, ಅಕ್ಕನ ಕಾಟ ತಪ್ಪಿತು. ಪೆರುಮಾಳ್ ಮಂಟಪದ ಒಳಗೆ ಗಾಳಿಯಿಲ್ಲ. ಅಲ್ಲೇ ಒಲೆ ಇಟ್ಟಿದ್ದೇನೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹಚ್ಚು ಹಚ್ಚು ಅಂತಿದ್ದಾಳೆ

ಅದೇ ದಿನ, ಮಧ್ಯಾಹ್ನ, ಆಸ್ಪತ್ರೆ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಒಳಗೆ ನಿತ್ಯಾಗೆ ನೆಬುಲೈಸರ್ ಹಾಕಿದ್ದಾರೆ. ಅಕ್ಕ ಪಕ್ಕದಲ್ಲಿದ್ದಾಳೆ. ನಾನು ಹೊರಗೆ.

ಉಂಡೆಗೆ ಬೆಂಕಿ ಹತ್ತಿದ್ದೇ ತಡ, ಕಪ್ಪು ಹೊಗೆ. ದಟ್ಟ, ಮಸಿಯಂಥದು, ಪ್ಲಾಸ್ಟಿಕ್ ನಾತ. ಉಂಡೆಯಿಂದ ಉರಿಯುವ ಹನಿ ತೊಟ್ಟಿಕ್ಕಿತು. ನೋಡಿದೊಡನೆ ಗೊತ್ತಾಯಿತು, ಪಾಲಿಯೆಸ್ಟರ್ ಮಿಕ್ಸ್. ಕೈಯನ್ನು ನಂಬಬೇಡ, ಒಂದೆಳೆ ಸುಟ್ಟು ನೋಡು ಎಂದು ಹೊಸ ಹುಡುಗರಿಗೆಲ್ಲ ಪಾಠ ಹೇಳುವವನು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಮಂಟಪ ಮೂರು ಕಡೆ ಗೋಡೆ. ಹೊಗೆ ಅಲ್ಲೇ ಸುತ್ತಿತು. ಒಲೆಯನ್ನು ಒದ್ದು ಹೊರಗೆ ತಳ್ಳಿ, ಮಣ್ಣು ಸುರಿದು ತಿರುಗುವಷ್ಟರಲ್ಲಿ ಅವಳು ಗೋಡೆಗೆ ಕೈಯೂರಿ ಬಾಗಿ ನಿಂತಿದ್ದಳು. ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ. ಎದೆಯಿಂದ ಸೀಟಿಯ ಸದ್ದು. ಕುತ್ತಿಗೆಯ ಗುಳಿ ಒಳಕ್ಕೆ ಎಳೆಯುತ್ತಿತ್ತು.

ಎತ್ತಿಕೊಂಡು ಹೊರಗೆ ಬಂದು ಪಂಪು ಬಾಯಿಗಿಟ್ಟು ಒತ್ತಿದೆ. ನಾನು ಒತ್ತಿದಾಗ ಅವಳಿಗೆ ಎಳೆಯಲಾಗದು. ಔಷಧವೆಲ್ಲ ತುಟಿಯ ಮೇಲೆ, ಗಾಳಿಗೆ. ಮತ್ತೆ ಒತ್ತಿದೆ. ಅದೇ ಕಥೆ. ನನ್ನ ಕೈ ತಳ್ಳಿ, "ಡಬ್ಬಿ..." ಅಂದಳು. ನನ್ನ ಮುಖ ನೋಡಿದಳು. ಗೊತ್ತಾಯಿತು ಅವಳಿಗೆ.

ಅಳಲಿಲ್ಲ. ಬ್ಯಾಗಿನ ಕಡೆ ಕೈ ತೋರಿಸಿದಳು. ಕೋನು. ತಂದುಕೊಟ್ಟೆ. ಅಗಲದ ಬಾಯಿಯನ್ನು ಮೂಗು ಬಾಯಿ ಮುಚ್ಚುವಂತೆ ಒತ್ತಿ ಹಿಡಿದಳು. ಕಿರಿದಾದ ತುದಿಗೆ ಪಂಪು ಇಡು ಎಂದು ಕೈಸನ್ನೆ. ಸಂದಿಗೆ ಅವಳ ಮಫ್ಲರು ಸುತ್ತಿದೆ.

"ಕುಲುಕು... ಮಾಮಾ."

ಕುಲುಕಿದೆ. ಒತ್ತಿದೆ. ಕೋನಿನೊಳಗೆ ಮೆಲ್ಲಗೆ ಎಳೆದಳು. ಬೆರಳೆತ್ತಿದಳು, ತಡಿ ಎಂದು. ಮತ್ತೆ ಬೆರಳು, ಒತ್ತು ಎಂದು. ಅವಳು ಹೇಳಿದಂತೆ ಮಾಡಿದೆ. ನನಗೆ ಬೇರೇನೂ ತೋಚುತ್ತಿರಲಿಲ್ಲ. ಸೀಟಿಯ ಸದ್ದು ಸ್ವಲ್ಪ ಸಡಿಲಾಯಿತು. ಬೆನ್ನಿಗೆ ಹಾಕಿಕೊಂಡು ಇಳಿದೆ. ಕಿವಿಯ ಹತ್ತಿರ ಅವಳ ಉಸಿರು. ಅದೊಂದನ್ನೇ ಕೇಳುತ್ತ ಇಳಿದೆ. ಎಷ್ಟು ಜಾರಿದೆನೋ, ಮಂಡಿ ತರಚಿದ್ದು ಈಗ ಕಾಣುತ್ತಿದೆ.

ಅರ್ಧ ದಾರಿಯಲ್ಲಿ ಫೋನು ಸದ್ದು ಮಾಡಲು ಶುರು. ಅಕ್ಕನ ಮಿಸ್ಡ್ ಕಾಲ್, ಒಂದರ ಮೇಲೊಂದು. ಶೆಲ್ಫ್ ಮೇಲೆ ಡಬ್ಬಿ ನೋಡಿದ್ದಾಳೆ. ಕೆಳಗೆ ಬಂದಾಗ ಬಾವನ ಗಾಡಿಯ ಹತ್ತಿರ ಇಬ್ಬರೂ ನಿಂತಿದ್ದರು. ಅಕ್ಕನ ಕೈಯಲ್ಲಿ ಡಬ್ಬಿ.

"ಮರ್ತ್ಯಾ?" ಅಂದಳು.

"ಇಲ್ಲ. ತೆಗೆದಿಟ್ಟೆ. ಒಲೆಗೆ ಜಾಗ ಬೇಕಿತ್ತು."

ಬೆನ್ನಿನಿಂದ ಮಗಳನ್ನು ಬಿಡಿಸಿಕೊಂಡಳು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಡಿಸೆಂಬರ್ 23

ಮನೆಗೆ ಕಳಿಸಿದರಂತೆ. ಬಾವ ಹೇಳಿದರು.

ಜನವರಿ 5, ಭಾನುವಾರ

ಧೈರ್ಯ ಮಾಡಿ ಹೋದೆ. ನಿತ್ಯಾ ಓಡಿ ಬಂದಳು. ಅಕ್ಕ ಚಾಪೆ ಹಾಕಿದಳು, ಕಾಫಿ ಕೊಟ್ಟಳು. ಅಂಚೆಯವನಿಗೂ ಹಾಗೇ ಕೊಡುತ್ತಾಳೆ.

"ಕ್ಯಾಂಪಿಗೆ ಕಳಿಸ್ತೀನಿ," ಅಂದಳು.

ಕಿವಿ ನಂಬಲಿಲ್ಲ.

"ಅವಳ್ ಮೂಚ್ಚ ಅವಳೇ ನೋಡ್ಕೊಂಡಳು. ಡಾಕ್ಟರೂ ಅದೇ ಹೇಳಿದ್ರು. ನಾನೇ ಸುಮ್ನೆ ಕಟ್ಟಾಕಿದ್ದೆ." ಲೋಟ ತೆಗೆದುಕೊಂಡಳು. "ನಿನ್ ಜೊತೆ ಮಾತ್ರ ಇನ್ನೆಲ್ಲಿಗೂ ಕಳಿಸಲ್ಲ ಹರಿ."

ಕಿವಿ ಚುಚ್ಚಿಸಿದಾಗ ಆ ಮಗು ಕೂತದ್ದು ನನ್ನ ತೊಡೆಯ ಮೇಲೆ. ಸೋದರಮಾವನ ತೊಡೆಯೇ ಆಗಬೇಕು ಎಂದು ಹಟ ಹಿಡಿದವಳು ಇದೇ ಅಕ್ಕ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿ ಅತ್ತೆ. ಯಾರು ನೋಡಿದರೂ ನೋಡಲಿ.

ಜನವರಿ 15

ತವರಿನ ಹಬ್ಬದ ಉಡುಗೊರೆ, ಪೊಂಗಲ್ ಸೀರು, ಕೊಡಲು ನಾನು ಹೋಗಲಿಲ್ಲ. ಸೀರೆ, ಕಬ್ಬು, ಬೆಲ್ಲ, ಎಲ್ಲ ಬಾವನ ಕೈಯಲ್ಲಿ ಕಳಿಸಿದೆ. ತಮ್ಮ ಬಾರದ ಸೀರು. ತೆಗೆದುಕೊಂಡಳೋ ಇಲ್ಲವೋ ಕೇಳುವ ಧೈರ್ಯವಾಗಲಿಲ್ಲ.

ಜನವರಿ 22, ಬುಧವಾರ

ಮಧ್ಯಾಹ್ನ ಅಕ್ಕನ ನಂಬರು. ಎತ್ತಿದರೆ ನಿತ್ಯಾ.

"ಮಾಮಾ, ನಾಳೆ ಮರುದಿನ ಕ್ಯಾಂಪು. ಎರಡು ಕೋನು ಬೇಕು. ಡಬ್ಬಿ ಕಳ್ದೋದ್ರೆ ಸ್ಪೇರು."

ಬಸ್ಸಲ್ಲಿ ಕಳಿಸ್ತೀನಿ, ನಾಳೆಯೇ ಅನುಪ್ಪಿಸ್ತೀನಿ ಅಮ್ಮಣಿ ಅಂದೆ. ಅತ್ತ ಫೋನು ಕೈ ಬದಲಾಯಿತು.

"ಹರಿ."

"ಅಕ್ಕಾ."

ಹಿಂದೆ ಮಿಕ್ಸಿ ಸದ್ದು.

"ಬಸ್ಸಲ್ಲಿ ಅನುಪ್ಪಿಸ್ಬ್ಯಾಡ. ನಸುಂಗಿ ಅಪ್ಪಚ್ಚಿ ಆಗೋಗತ್ತೆ. ನೀನೇ ತಕ್ಕೊಂಡು ಬಾ." ಮತ್ತೆ ಮಿಕ್ಸಿ. "ಊಟ ಇಲ್ಲೇ."

ಮೆಷಿನ್ ನಿಲ್ಲಿಸಿ ಕೋನಿನ ರಾಶಿ ಮುಂದೆ ಕೂತಿದ್ದೇನೆ. ದೇವರಾಜನ್ ಇವನಿಗೆ ಹುಚ್ಚು ಹಿಡಿಯಿತು ಎನ್ನುವಂತೆ ನೋಡುತ್ತಿದ್ದಾನೆ. ಒಂದೊಂದೇ ಎತ್ತಿ, ಒರೆಸಿ, ನನ್ನ ಮೂತಿಗೇ ಇಟ್ಟು ಎಳೆದು ನೋಡುತ್ತಿದ್ದೇನೆ. ಇದಕ್ಕೆ ಎಣ್ಣೆ ವಾಸನೆ. ಇದರ ಅಂಚು ಒರಟು, ತುಟಿ ಗೀರುತ್ತದೆ. ಇದು ಪರವಾಗಿಲ್ಲ. ಇನ್ನೊಂದು