ನಿಮ್ಮ ಹೆಸರಿನ ಪುಟ

ಅಲಖನೂರ, ತಾ. ರಾಯಬಾಗ
ದಿ. 20-11-2006

ಪ್ರೀತಿಯ ನಮ್ಮವರಿಗೆ,

ಆರೋಗ್ಯ ಹೇಗಿದೆ? ಪಠಾಣಕೋಟದಲ್ಲಿ ಚಳಿ ಶುರುವಾಗಿದೆಯಂತೆ. ಸ್ವೆಟರನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ನೀವು ಕೆಮ್ಮುತ್ತ ಕೂರಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ಭಾವನವರು ಕಬ್ಬು ಕಡಿಸುವ ಗಡಿಬಿಡಿಯಲ್ಲಿದ್ದಾರೆ. ಅತ್ತೆಯ ಮೊಣಕಾಲು ನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು. ಮಾವನವರು ತೀರಿಕೊಂಡ ಮೇಲೆ ಅವರ ಸಿಟ್ಟೆಲ್ಲ ನನ್ನ ಪಾಲಿಗೆ ಬಂದಿದೆ, ಪ್ರೀತಿಯೂ ಹಾಗೆಯೇ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀರಿ. ನೀವು ಫೋನ್ ಮಾಡಿದಾಗ ಮನೆ ಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ‘ಊಟ ಆತೇನ್ರಿ’ ಎಂಬುದರ ಮುಂದೆ ನನ್ನ ಮಾತು ಹೋಗುವುದೇ ಇಲ್ಲ.

ಹೋದ ಸಲ ರಜೆ ಮುಗಿಸಿ ಹೊರಟಾಗ ‘ಇಂಗ್ಲಿಷ್ ಒಂದೀಟ ಕಲಕೋ, ಆಮ್ಯಾಲ ಕ್ವಾರ್ಟರ್ಸಿಗೆ ಅರ್ಜಿ ಹಾಕಿ ನಿನ್ನೂ ಕರಕೊಂಡ ಹೋಗ್ತೀನಿ’ ಎಂದು ಡಿಕ್ಷನರಿ ಕೈಗಿಟ್ಟಿರಿ. ಚೇಷ್ಟೆ ಮಾಡಿದಿರೋ ಏನೋ, ನಾನು ಖರೆ ಎಂದೇ ಗಟ್ಟಿ ಹಿಡಿದಿದ್ದೇನೆ. ಚಿಕ್ಕೋಡಿಯಲ್ಲಿ ಡಿ.ಎಡ್. ಓದುವ ಪಕ್ಕದ ಮನೆಯ ಕಾಂಚನ ಸಂಜೆ ಬಂದು ಕಲಿಸುತ್ತಾಳೆ. ಒಂದೇ ಅಕ್ಷರಗಳಿಂದ ಶುರುವಾಗುವ ಶಬ್ದಗಳನ್ನು ಒಟ್ಟಿಗೆ ಓದಿದರೆ ಮರೆಯುವುದಿಲ್ಲವಂತೆ. ಎಂ-ಎ ಎಂದರೆ ಮ್ಯಾಂಗೋ ಮಾವು, ಮಾರ್ಕೆಟ್ ಸಂತೆ, ಮ್ಯಾರೇಜ್ ಮದುವೆ. ನಮ್ಮ ಮದುವೆಯಲ್ಲೂ ಸಂತೆಯ ಗದ್ದಲವೇ ಇತ್ತಲ್ಲ! ಎಲ್-ಇ ಪುಟದಲ್ಲಿ ಲೆಗ್, ಲೆಮನ್, ಲೆಟರ್ ಎಲ್ಲ ನಗುತ್ತ ಕಲಿತೆ. ಲೀವ್ ಎಂದರೆ ರಜೆಯೂ ಹೌದು, ಬಿಟ್ಟುಹೋಗುವುದೂ ಹೌದು ಎಂದಳು. ಅಂದು ನನಗೆ ಊಟ ಸೇರಲಿಲ್ಲ.

ಆರ್ ಅಕ್ಷರಕ್ಕೆ ಬಂದು ಗಾಡಿ ನಿಂತಿತು. ಆರ್-ಎ, ಆರ್-ಇ, ಆರ್-ಐ ಸುಸೂತ್ರವಾಗಿ ದಾಟಿದೆ. ಮುಂದಿನದು ಆರ್-ಓ. ನಿಮ್ಮ ಹೆಸರು ಶುರುವಾಗುವುದೇ ಹಾಗೆ. ‘ಓದ್ರಿ ವೈನಿ’ ಎಂದಳು ಕಾಂಚನ. ನಾನು ಹಾದಿ, ಹಗ್ಗ, ಗುಲಾಬಿ ಎಂದು ಅರ್ಥಗಳನ್ನಷ್ಟೇ ಹೇಳಿದೆ. ‘ಅರ್ಥ ಬರೋಬ್ಬರಿ ಐತ್ರಿ. ಶಬ್ದ ಯಾರ ಹೇಳಬೇಕ?’ ಎಂದು ಬಿದ್ದು ಬಿದ್ದು ನಕ್ಕಳು. ಅವಳ ಕಾಟ ತಾಳದೆ ಬಾಯಿ ತೆರೆದೆ. ಮೊದಲ ಉಚ್ಚಾರ ಹೊರಬಿತ್ತೋ ಇಲ್ಲವೋ, ಒಲೆಯ ಮುಂದಿನಿಂದ ಅತ್ತೆ ‘ಏನ ಬೇ, ಗಂಡನ ಹೆಸರ ತಗಿಯಾಕತ್ತೀ? ಆಯುಷ್ಯ ಕಡಿಮಿ ಆಗತೈತಿ. ಮೊದಲ ಅವ ಗಡಿಯಾಗ ಅದಾನ!’ ಎಂದು ಗದರಿದರು. ಪುಸ್ತಕ ಮುಚ್ಚಿದೆ.

ಹೆಸರು ಹೇಳಿದರೆ ಆಯುಷ್ಯ ಹೋಗುತ್ತದೆಂದು ನಾನೂ ನಂಬುವುದಿಲ್ಲ. ಆದರೆ ಟಿವಿಯಲ್ಲಿ ನಿಮ್ಮ ಕಡೆಯ ಸುದ್ದಿ ಬಂದಾಗಲೆಲ್ಲ ಒಲೆ ಬಿಟ್ಟು ಓಡಿ ಬರುತ್ತೇನೆ. ಆಗ ಯಾವ ನಂಬಿಕೆಯನ್ನೂ ಬಿಡುವ ಧೈರ್ಯ ಬರುವುದಿಲ್ಲ. ಮದುವೆಯಲ್ಲಿ ಪ್ರಾಸ ಕೂಡಿಸಿ ಒಡಪು ಕಟ್ಟಿ ನಿಮ್ಮ ಹೆಸರು ಹೇಳಿದ್ದೇ ಕೊನೆ, ಆಮೇಲೆ ಬಾಯಿಗೆ ತಂದಿಲ್ಲ. ಈ ಪುಟ ಹಾರಿಸಿ ಮುಂದೆ ಹೋಗೋಣವೆಂದರೆ ನಿಮ್ಮನ್ನೇ ಹಿಂದೆ ಬಿಟ್ಟುಹೋದ ಹಾಗೆ ಸಂಕಟವಾಗುತ್ತದೆ. ಕಲಿಯದಿದ್ದರೆ ನೀವು ಕರೆದೊಯ್ಯುವುದಿಲ್ಲ. ಸಂಜೆ ರಾಯಬಾಗದ ಬಸ್ಸಿನ ಹಾರ್ನ್ ಕೇಳಿದರೆ, ನೀವು ಬರುವುದಿಲ್ಲವೆಂದು ಗೊತ್ತಿದ್ದೂ ಬಾಗಿಲಿಗೆ ಹೋಗುತ್ತೇನೆ. ನಿಮ್ಮ ನೆನಪು ಬಹಳ ಆಗುತ್ತದೆ. ಇದನ್ನು ಯಾವ ಭಾಷೆಯಲ್ಲಿ ಬರೆದರೂ ಅಷ್ಟೇ.

ಅತ್ತೆಯ ಆಶೀರ್ವಾದಗಳು. ಭಾವನವರು ನಿಮ್ಮನ್ನು ಕೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ ಹಾದಿ ನೋಡುತ್ತಿರುವ,
ದೀಪಾಲಿ

ತಾ.ಕ.: ಕಾಗದ ಮಡಿಸುತ್ತಿದ್ದೆ, ಅತ್ತೆ ಬಂದು ಪಕ್ಕದಲ್ಲಿ ಕೂತರು. ಗದರಿದಾಗಿನಿಂದ ಅವರಿಗೂ ಸಮಾಧಾನವಿರಲಿಲ್ಲವಂತೆ. ‘ನಾ ಜಲ್ಮಪೂರ್ತಿ ನಿಮ್ಮ ಮಾವನ ಹೆಸರ ಬಾಯಾಗ ತಗೀಲಿಲ್ಲ. ಆದ್ರೂ ಅವ್ರು ಉಳೀಲಿಲ್ಲ. ಈಗ ಒಮ್ಮೆ ಕರೀಬೇಕ ಅನಸತೈತಿ, ಓ ಅನ್ನಾಕ ಯಾರ ಅದಾರ? ನೀ ಓದವ್ವ. ಅವನ ಹತ್ರ ಹೋಗ’ ಎಂದರು. ಅಂಚೆಯ ಹೊತ್ತಾಯಿತು, ಹೆಚ್ಚು ಬರೆಯಲಾರೆ. ರೋಹನ, ನನ್ನನ್ನು ಕರೆದುಕೊಂಡು ಹೋಗಿ.