ಆರು ಗಂಟೆ ಬಸ್ಸಿನ ಹಾರ್ನ್

ಹರವೆ,
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಪ್ರಸಾದಣ್ಣಾ,

ಹೇಗಿದ್ದೀಯ? ಸುಲ್ತಾನ್ ಬತ್ತೇರಿಯ ಮಳೆಗೆ ನಿನ್ನ ಸೀನು ಜಾಸ್ತಿಯಾಗಿರಬೇಕು. ಚೈತ್ರ ಅತ್ತಿಗೆ ಆರೋಗ್ಯವೇ? ಅತ್ತಿಗೆ ಅನ್ನುತ್ತಿದ್ದೇನೆ ನೋಡು, ಅಪ್ಪನಿಗೆ ಕೇಳಿಸದಿರಲಿ. ನೀನು ಅಲ್ಲಿ ತರಕಾರಿ ಮಂಡಿಯಲ್ಲಿದ್ದೀಯೆಂದು ಚೆಂಡುಹೂವಿನ ಲಾರಿಯ ಸುಧಾಕರ್ ಮೊನ್ನೆ ಹೇಳಿದ. ನಂಬರ್ ಮಾತ್ರ ಕೊಡಲೊಲ್ಲ, ನೀನೇ ಆಣೆ ಹಾಕಿಸಿಕೊಂಡಿದ್ದೀಯಂತೆ. ಅದಕ್ಕೇ ಈ ಕಾಗದ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅಪ್ಪ ಚೆನ್ನಾಗಿದ್ದಾರೆ, ಅಂದರೆ ಯಾರ ಜೊತೆಯೂ ಮಾತಾಡುವುದಿಲ್ಲ. ಬೇರೆ ಜಾತಿಯ ಹುಡುಗಿಯನ್ನು ಕಟ್ಟಿಕೊಂಡೆಯೆಂದು ಹೋದ ವರ್ಷ ‘ನನ್ ಹೊಸ್ಲು ತುಳಿಬ್ಯಾಡ ಕಣ್ಲಾ, ಓಗು’ ಎಂದು ಅಟ್ಟಿದ ಬಾಯಿಗೆ ನಿನ್ನ ಹೆಸರೂ ಬರುವುದಿಲ್ಲ.

ನಾನು ಚಾಮರಾಜನಗರದ ಕಾಲೇಜಿನಲ್ಲಿ ಮನಃಶಾಸ್ತ್ರ ತೆಗೆದುಕೊಂಡಿದ್ದೇನೆ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ನಗಬೇಡ. ದಿನಾ ಗಂಟೆ ಬಾರಿಸಿ ಅನ್ನ ಹಾಕಿದರೆ, ಆಮೇಲೆ ಬರಿ ಗಂಟೆ ಕೇಳಿದರೂ ನಾಯಿಗೆ ಜೊಲ್ಲು ಸುರಿಯುತ್ತದಂತೆ. ಅದಕ್ಕೆ ಅನುಬಂಧನ ಎನ್ನುತ್ತಾರೆ. ಕ್ಲಾಸಿನಲ್ಲಿ ಎಲ್ಲರೂ ನಕ್ಕರು, ನನಗೆ ಅಳು ಬಂತು. ಗುಂಡ್ಲುಪೇಟೆ ಕೆಲಸ ಮುಗಿಸಿ ನೀನು ಬರುತ್ತಿದ್ದ ಆರು ಗಂಟೆ ಬಸ್ಸು ಅರಳಿಕಟ್ಟೆ ತಿರುವಿನಲ್ಲಿ ಹಾರ್ನ್ ಹೊಡೆದರೆ, ನೀನು ಹೋದ ಮೇಲೂ ಅವ್ವ ಕೈಲಿದ್ದ ಕೆಲಸ ಬಿಟ್ಟು ನಿನ್ನ ಕಾಫಿಗೆ ನೀರಿಡುತ್ತಿದ್ದಳು. ಬಸ್ಸು ಹೋಗುತ್ತಿತ್ತು. ನೀರು ಕುದಿದು ಬತ್ತುತ್ತಿತ್ತು.

ಗಂಟೆ ಹೊಡೆದೂ ಅನ್ನ ಬಾರದಿದ್ದರೆ ಆ ಅಭ್ಯಾಸ ಮೆಲ್ಲಗೆ ಸಾಯುತ್ತದೆ, ಅದೇ ವಿಲೋಪನ ಎಂದರು ಮೇಡಂ. ಹಾಗಾದರೆ ವರ್ಷ ಕಳೆದರೂ ಅವ್ವನದು ಯಾಕೆ ಸಾಯಲಿಲ್ಲ? ನೆಂಟರ ಮನೆಯ ಕಥೆಯೆಂದು ಹೇಳಿ ಕೇಳಿಯೇಬಿಟ್ಟೆ. ಅಪರೂಪಕ್ಕೊಮ್ಮೆ, ಯಾವಾಗೆಂದು ಗೊತ್ತಾಗದ ಹಾಗೆ ಒಂದು ತುತ್ತು ಸಿಗುತ್ತಿದ್ದರೆ ಅದು ಅಷ್ಟು ಸುಲಭಕ್ಕೆ ಸಾಯುವುದಿಲ್ಲವಂತೆ. ಆ ತುತ್ತು ಹಾಕುತ್ತಿದ್ದವಳು ನಾನೇ ಅಣ್ಣಾ. ಅವ್ವ ಊಟ ಬಿಟ್ಟಾಗಲೆಲ್ಲ ‘ಅಣ್ಣ ಫೋನ್ ಮಾಡಿದ್ದ, ಈ ವಾರ ಬತ್ತೀನಿ ಅಂದ’ ಎಂದು ಸುಳ್ಳು ಹೇಳಿ ಉಣ್ಣಿಸುತ್ತಿದ್ದೆ. ‘ದಿಟ್ವೇನಮ್ಮಿ? ಇನ್ನೇನಂದ?’ ಎನ್ನುತ್ತಾ ಎರಡು ತುತ್ತು ಹೆಚ್ಚೇ ತಿನ್ನುತ್ತಿದ್ದಳು. ನಾನು ಮಾಡಿದ್ದಕ್ಕೆ ಪುಸ್ತಕದಲ್ಲಿ ಪುನರ್ಬಲನ ಎಂಬ ದೊಡ್ಡ ಹೆಸರಿದೆ. ಹೋದ ತಿಂಗಳಿಂದ ಸುಳ್ಳು ನಿಲ್ಲಿಸಿದ್ದೇನೆ. ಅವಳು ಕೇಳುತ್ತಿದ್ದಳು, ನಾನು ಇಲ್ಲ ಅನ್ನುತ್ತಿದ್ದೆ. ಹೇಳಿದರೂ ಪಾಪ, ಹೇಳದಿದ್ದರೂ ಪಾಪ. ನಾನು ಸೋತುಹೋಗಿದ್ದೇನೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಮಾದಪ್ಪ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ತಂಗಿ,
ಕಾವ್ಯಶ್ರೀ

ತಾ.ಕ.: ಸುಧಾಕರ್ ಅವಸರ ಮಾಡುತ್ತಿದ್ದಾನೆ. ಮೂರು ದಿನದಿಂದ ಹಾರ್ನ್ ಆದರೂ ಅವ್ವ ಏಳುತ್ತಿಲ್ಲ. ಗೋಡೆ ಕಡೆ ತಿರುಗಿ ಮಲಗಿರುತ್ತಾಳೆ, ಊಟ ಮುಟ್ಟಿಲ್ಲ, ನಿನ್ನನ್ನು ಕೇಳುವುದನ್ನೂ ಬಿಟ್ಟಳು. ಬರುವುದಾದರೆ ಈಗಲೇ ಬಾ. ನಿನ್ನೆ ಹಾರ್ನ್ ಕೇಳಿ ಎದ್ದು ಹೋಗಿ ನೀರಿಟ್ಟವರು ಅಪ್ಪ. ಬಸ್ಸು ಹೋದ ಮೇಲೆ ನಾನು ಒಲೆ ಆರಿಸಲು ಹೋದರೆ ‘ಇರ್ಲಿ ಬುಡು’ ಅಂದರು.