ಸೆವೆರೊನ ಕೊನೆಯ ಎಡೆ

ಲಾ ಪಾಸ್, ನವೆಂಬರ್ 2

ಅಕ್ಕಾ,

ಕೆಮ್ಮು ಕಡಿಮೆಯಾಗಿದೆ. ನನ್ನ ಸೆವೆರೊನಿಗೆ ಮೂರನೆಯ ವರ್ಷದ ಎಡೆ ನಿನ್ನೆ ಇಟ್ಟೆವು. ಇಲ್ಲಿ ಮೂರು ವರ್ಷಕ್ಕೆ ಮುಗಿಯಿತು, ಇನ್ನು ಇಡುವಂತಿಲ್ಲ. ಸತ್ತವರು ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ಮಹಡಿಗೆ ಬಾಡಿಗೆಗೆ ಬಂದಿರುವ ಪರದೇಶಿ ಮಹಾಶಯ ಹನ್ನೊಂದೂವರೆಗೇ ಬಂದು, ಫೋಟೋ ತೆಗೆದು, ಸೆವೆರೊನ ಮುಖ ಮೂಡಿಸಿ ಸುಟ್ಟು ಎಡೆಗಿಟ್ಟಿದ್ದ ಬ್ರೆಡ್ಡನ್ನು ಕಾಫಿಗೆ ಅದ್ದಿಕೊಂಡು ತಿಂದ. "ಸ್ವಲ್ಪ ಗಟ್ಟಿ" ಎಂದು ಸರ್ಟಿಫಿಕೇಟು ಬೇರೆ! ಇಂಥವರಿಗೆ ಊರೆಲ್ಲ ಹೋಟೆಲು. ನಾನು ಬಾಗಿಲು ತೋರಿಸಿದೆ.

ಅತ್ತೆ ಗದರಿದರು: "ಸುಮ್ನಿರೇ ಸಾಕು! ನೀನೂ ಪರದೇಶದಿಂದ ಸೊಸೆಯಾಗಿ ಹೊಸದಾಗಿ ಬಂದಾಗ ನಿಮ್ಮ ಮಾವನ ಎಡೆಯ ಬ್ರೆಡ್ಡು ತಿಂದೋಳು ಯಾರು? ಜಾಮ್ ಬೇರೆ ಕೇಳಿದ್ದೆ. ತಿಂದೋನು ಪ್ರಾರ್ಥನೆ ಮಾಡ್ಲಿ, ಅಷ್ಟೇ."

ಅಂದು ಪಕ್ಕದಲ್ಲಿ ಮೊಣಕಾಲೂರಿ ನನಗೆ ಪ್ರಾರ್ಥನೆ ಹೇಳಿಕೊಟ್ಟವನು ಸೆವೆರೊ. ನಿನ್ನೆ ಆ ದಾಂಡಿಗನಿಗೆ ಪದಪದವಾಗಿ ನಾನೇ ಹೇಳಿಕೊಡಬೇಕಾಯಿತು. ಹನ್ನೆರಡು ಹೊಡೆದದ್ದು ಇಬ್ಬರಿಗೂ ತಿಳಿಯಲಿಲ್ಲ.

ಕಾರ್ಡಿನಲ್ಲಿ ಇನ್ನು ಜಾಗವಿಲ್ಲ.
ಇಲ್ಸೆ